ಚೀಟಿ, ಬಿಲ್ಲು, ಬ್ಯಾಚ್ ನಂಬರು: ಜೆನೆರಿಕ್ ಔಷಧ ಕೊಳ್ಳುವವರ ಪರವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ರಾಜ್ಯದ ಔಷಧ ನಿಯಂತ್ರಕರು, ಅರಮನೆ ರಸ್ತೆ, ಬೆಂಗಳೂರು

ವಿಷಯ: ವೈದ್ಯರ ಚೀಟಿಯ ಮೇಲೆ ಜೆನೆರಿಕ್ ಔಷಧ ಕೊಳ್ಳುವವರಿಗೆ ಕಾನೂನಿನಲ್ಲಿ ಈಗಾಗಲೇ ಇರುವ ಹಕ್ಕುಗಳನ್ನು ಅಂಗಡಿಯ ಮಟ್ಟದಲ್ಲಿ ಜಾರಿಗೆ ತರುವ ಬಗ್ಗೆ

ಮಾನ್ಯರೇ,

ನಾನು ರಾಜಾಜಿನಗರದ ಒಂದು ಔಷಧ ಅಂಗಡಿಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ನೋಂದಾಯಿತ ಫಾರ್ಮಸಿಸ್ಟ್. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕೊಲೆಸ್ಟ್ರಾಲ್ ಎಂದು ತಿಂಗಳು ತಿಂಗಳೂ ಮಾತ್ರೆ ಕೊಳ್ಳಲೇಬೇಕಾದ ಮನೆಗಳು ನಮ್ಮ ಸುತ್ತಮುತ್ತ ಎಷ್ಟಿವೆ, ಅವುಗಳ ಖರ್ಚು ಪಿಂಚಣಿಯ ಎಷ್ಟು ಪಾಲನ್ನು ನುಂಗುತ್ತಿದೆ ಎಂಬುದು ನನ್ನಂಥವರ ಕಣ್ಣಿಗೆ ಬಿದ್ದಷ್ಟು ಬೇರೆಯವರ ಕಣ್ಣಿಗೆ ಬೀಳಲಾರದು. ಅವರಲ್ಲಿ ಅನೇಕರು ಈಗೀಗ ಚೀಟಿ ಕೊಡುವ ಮೊದಲೇ ಕೇಳುವ ಮಾತು ಒಂದೇ: ‘ಇದರದ್ದೇ ಜೆನೆರಿಕ್ ಇದೆಯಾ? ತಗೊಂಡರೆ ಏನೂ ಆಗಲ್ಲ ತಾನೆ?’ ಇದಕ್ಕೆ ಕಾನೂನು ಹೇಳುವ ಉತ್ತರ ಒಂದು, ವೈದ್ಯರು ಹೇಳುವುದು ಇನ್ನೊಂದು, ಅಂಗಡಿಯವರು ಹೇಳುವುದು ಮತ್ತೊಂದು. ಕೇಳಿದವರಿಗೆ ಮೂರರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದಿರುವುದರಿಂದಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೊಸ ಕಾನೂನು ಮಾಡಿ ಎಂದು ನಾನು ಕೇಳುತ್ತಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ, ಅದರಡಿಯ 1945ರ ನಿಯಮಗಳಲ್ಲಿ ಕೊಳ್ಳುವವರಿಗೆ ಬೇಕಾದ ರಕ್ಷಣೆ ಸಾಕಷ್ಟಿದೆ. ಅದು ಪುಸ್ತಕದಲ್ಲೇ ಉಳಿದಿದೆ, ಕೌಂಟರಿನವರೆಗೆ ಬಂದಿಲ್ಲ. ಬರುವಂತೆ ಮಾಡುವುದು ತಮ್ಮ ಇಲಾಖೆಗಳ ಕೈಯಲ್ಲೇ ಇರುವ ಕೆಲಸ.

ಜನ ಸಾಮಾನ್ಯವಾಗಿ ಔಷಧವನ್ನು ಎರಡೇ ಬಗೆಯಾಗಿ ನೋಡುತ್ತಾರೆ: ಒಂದು ‘ಕಂಪನಿ ಮಾತ್ರೆ’, ಇನ್ನೊಂದು ‘ಜೆನೆರಿಕ್’. ವಾಸ್ತವದಲ್ಲಿ ನಮ್ಮಲ್ಲಿ ಮಾರಾಟವಾಗುವ ಕಂಪನಿ ಮಾತ್ರೆಗಳಲ್ಲಿ ಹೆಚ್ಚಿನವು ಪೇಟೆಂಟ್ ಅವಧಿ ಎಂದೋ ಮುಗಿದು, ಪರವಾನಗಿ ಪಡೆದ ಯಾರು ಬೇಕಾದರೂ ತಯಾರಿಸಬಹುದಾದ ಔಷಧಗಳೇ, ಅಂದರೆ ಜೆನೆರಿಕ್‌ಗಳೇ ಆಗಿವೆ. ಬೆಂಗಳೂರಿನದೇ ಕಂಪನಿಯೊಂದು ತಯಾರಿಸುವ, ಕೋವಿಡ್ ಕಾಲದಲ್ಲಿ ಮನೆಮಾತಾದ ಡೋಲೋ 650 ಕೂಡ ಹೆಸರಿಟ್ಟು ಮಾರುವ ಪ್ಯಾರಾಸಿಟಮಾಲ್ ಅಲ್ಲದೆ ಬೇರೇನೂ ಅಲ್ಲ. ವ್ಯಾಪಾರದ ಒಳಗಿರುವವರ ವಿಂಗಡಣೆ ಬೇರೆ ರೀತಿಯದು. ಮೆಡಿಕಲ್ ರೆಪ್‌ಗಳನ್ನು ವೈದ್ಯರ ಬಳಿಗೆ ಕಳಿಸಿ ಚೀಟಿಯಲ್ಲಿ ಬರೆಸಿಕೊಳ್ಳುವ ಬ್ರ್ಯಾಂಡ್‌ಗಳು ಒಂದು ಬಗೆ. ಹೆಸರಿದ್ದರೂ ರೆಪ್ ಇಲ್ಲದೆ, ಅಂಗಡಿಯವರಿಗೇ ಅಗ್ಗದಲ್ಲಿ ಸಿಕ್ಕಿ, ಅವರ ಮಾತಿನ ಬಲದಿಂದಲೇ ಖರ್ಚಾಗುವ ಬ್ರ್ಯಾಂಡ್‌ಗಳು ಎರಡನೆಯ ಬಗೆ. ಕೇಂದ್ರ ಸರ್ಕಾರದ ಜನೌಷಧಿ ಕೇಂದ್ರಗಳಲ್ಲಿ ಸಿಗುವಂತೆ ಔಷಧದ ಮೂಲ ಹೆಸರನ್ನಷ್ಟೇ (ಪ್ಯಾರಾಸಿಟಮಾಲ್ ಎಂಬಂತೆ) ಹೊತ್ತು ಬರುವವು ಮೂರನೆಯ ಬಗೆ.

ಗೊಂದಲ ಹುಟ್ಟುವುದು ಎರಡನೆಯ ಬಗೆಯಲ್ಲಿ. ಅದರ ಸ್ಟ್ರಿಪ್ಪಿನ ಮೇಲೆ ಮುದ್ರಿಸಿದ ಎಂಆರ್‌ಪಿ ಹೆಸರುವಾಸಿ ಬ್ರ್ಯಾಂಡಿನ ಬೆಲೆಗೆ ಹತ್ತಿರದಲ್ಲೇ ಇರುತ್ತದೆ, ಸ್ಟಾಕಿಸ್ಟ್ ಅಂಗಡಿಗೆ ಕೊಡುವ ಬೆಲೆ ಮಾತ್ರ ಅದರ ಸಣ್ಣದೊಂದು ಪಾಲು. ನೂರು ರೂಪಾಯಿ ಎಂಆರ್‌ಪಿಯ ಸ್ಟ್ರಿಪ್ಪನ್ನು ‘ನಿಮಗೋಸ್ಕರ ಅರ್ಧ ಬೆಲೆಗೆ’ ಎಂದು ಐವತ್ತಕ್ಕೆ ಕೊಟ್ಟರೂ ಅಂಗಡಿಗೆ ಒಳ್ಳೆಯ ಲಾಭವೇ. ರಿಯಾಯಿತಿ ಸಿಕ್ಕಿತೆಂದು ಸಂತೋಷಪಡುವ ಗ್ರಾಹಕರಿಗೆ ಅದೇ ಔಷಧ ಜನೌಷಧಿಯಲ್ಲಿ ಅದಕ್ಕಿಂತಲೂ ಕಡಿಮೆಗೆ ಸಿಗುತ್ತಿತ್ತೆಂಬುದು ಗೊತ್ತಾಗುವುದೇ ಇಲ್ಲ. ಇದು ಅಪರಾಧವಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ಗೊತ್ತುಪಡಿಸುವುದು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿದವುಗಳಿಗೆ ಮಾತ್ರ. 2022ರ ಪಟ್ಟಿಯಲ್ಲಿ ಅಂಥವು 384 ಇವೆ. ಉಳಿದವುಗಳಿಗೆ ತಯಾರಕರು ಮೊದಲ ಬೆಲೆಯನ್ನು ತಾವೇ ಇಟ್ಟು, ವರ್ಷಕ್ಕೆ ಶೇಕಡ 10ಕ್ಕೆ ಮೀರದಂತೆ ಏರಿಸಬಹುದು. ಆದ್ದರಿಂದ ಜೆನೆರಿಕ್ ಎಂಬ ಹಣೆಪಟ್ಟಿಯೊಂದೇ ಅಗ್ಗದ ಬೆಲೆಗೆ ಖಾತರಿಯಲ್ಲ ಎಂಬ ವಿವರ ಇಲಾಖೆಯ ಪ್ರಚಾರದಲ್ಲಿ ಎಲ್ಲಾದರೂ ಒಂದು ಕಡೆ ಬರಬೇಕಿತ್ತು. ನಾನು ನೋಡಿದ ಮಟ್ಟಿಗೆ ಬಂದಿಲ್ಲ.

ಇನ್ನು ಬದಲಿ ಕೊಡುವ ವಿಷಯ. ಚೀಟಿಯಲ್ಲಿ ವೈದ್ಯರು ಒಂದು ಬ್ರ್ಯಾಂಡಿನ ಹೆಸರು ಬರೆದಿದ್ದರೆ, ಅದೇ ಔಷಧ, ಅದೇ ಪ್ರಮಾಣದ ಬೇರೆ ಬ್ರ್ಯಾಂಡನ್ನಾಗಲಿ ಜೆನೆರಿಕ್ಕನ್ನಾಗಲಿ ಅದರ ಬದಲಿಗೆ ಕೊಡುವ ಅಧಿಕಾರ ಫಾರ್ಮಸಿಸ್ಟ್‌ಗೆ ಇಲ್ಲ. 1945ರ ನಿಯಮಗಳ 65(11ಎ) ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳುತ್ತದೆ: ಷೆಡ್ಯೂಲ್ ಎಚ್ ಅಥವಾ ಎಕ್ಸ್‌ಗೆ (ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗಳಿಗೆ) ಸೇರಿದ ಔಷಧದ ಚೀಟಿ ಬಂದಾಗ, ಒಳಗಿರುವ ವಸ್ತು ಒಂದೇ ಆಗಿದ್ದರೂ ಸರಿ, ಬರೆದದ್ದನ್ನು ಬಿಟ್ಟು ಬೇರೆ ತಯಾರಿಕೆಯನ್ನು ಕೊಡುವಂತಿಲ್ಲ. ಒಂದು ಕಡೆ ಜೆನೆರಿಕ್ ಕೊಳ್ಳಿರೆಂದು ಸರ್ಕಾರಗಳು ಜಾಹೀರಾತು ಕೊಡುತ್ತವೆ, ಇನ್ನೊಂದು ಕಡೆ ಕೇಳಿದವರಿಗೆ ಜೆನೆರಿಕ್ ಕೊಟ್ಟ ಫಾರ್ಮಸಿಸ್ಟ್ ನಿಯಮ ಮುರಿದಂತಾಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಸ್ಥಿತಿ ನಮ್ಮದು. ವ್ಯವಹಾರದಲ್ಲಿ ನಡೆಯುವುದೇನೆಂದು ತಮಗೂ ಗೊತ್ತಿದೆ. ‘ಅದು ಸ್ಟಾಕ್ ಇಲ್ಲ, ಇದು ಸೇಮ್’ ಎಂಬ ಒಂದು ಮಾತಿನಲ್ಲಿ ನಗರದ ಉದ್ದಗಲಕ್ಕೂ ಪ್ರತಿದಿನ ಬದಲಿ ಮಾತ್ರೆ ಕೈ ಬದಲಾಗುತ್ತದೆ. ಆ ಬದಲಿ ಗ್ರಾಹಕರ ಜೇಬನ್ನು ನೋಡಿ ಆದದ್ದೋ ಅಂಗಡಿಯ ಮಾರ್ಜಿನ್ ನೋಡಿ ಆದದ್ದೋ ಎಂದು ಹೇಳುವ ದಾಖಲೆ ಎಲ್ಲಿಯೂ ಇರುವುದಿಲ್ಲ.

ನಿಯಮ ಬದಲಿಸುವುದು ಕೇಂದ್ರ ಸರ್ಕಾರದ ಕೆಲಸ, ಅದನ್ನು ತಮ್ಮಲ್ಲಿ ಕೇಳಿ ಪ್ರಯೋಜನವಿಲ್ಲ. ಆದರೆ ಚೀಟಿಯಲ್ಲೇ ಮೂಲ ಹೆಸರಿದ್ದರೆ ಈ ನಿಯಮ ಅಡ್ಡ ಬರುವುದೇ ಇಲ್ಲ. ವೈದ್ಯರು ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ತನ್ನ ನೀತಿಸಂಹಿತೆಗೆ ತಿದ್ದುಪಡಿ ತಂದಿತ್ತು. ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಇನ್ನೂ ಕಟ್ಟುನಿಟ್ಟಾದ ನಿಯಮಾವಳಿ ಹೊರಡಿಸಿ, ವೈದ್ಯರ ಸಂಘದ ವಿರೋಧ ಬಂದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ವೈದ್ಯರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮೂಲ ಹೆಸರು ಬರೆದ ಕೂಡಲೇ ಯಾವ ಕಂಪನಿಯದು ಎಂಬ ಆಯ್ಕೆ ವೈದ್ಯರ ಕೈಯಿಂದ ಅಂಗಡಿಯವರ ಕೈಗೆ ಹೋಗುತ್ತದೆ, ಅಂಗಡಿಯವರು ತಮಗೆ ಲಾಭ ಹೆಚ್ಚಿರುವುದನ್ನೇ ಮುಂದಿಡುತ್ತಾರೆ ಎಂದು ಅವರು ಹೇಳುವುದು ನಿಜ. ನನ್ನದೇ ವೃತ್ತಿಯ ಬಗ್ಗೆ ಹೀಗೆ ಬರೆಯುವುದು ಕಷ್ಟವಾದರೂ ನಿಜ. ಆ ಆಯ್ಕೆ ವೈದ್ಯರಲ್ಲೂ ಉಳಿಯದೆ ಅಂಗಡಿಗೂ ಸೇರದೆ ಕೊಳ್ಳುವವರಿಗೆ ದಕ್ಕಬೇಕಾದರೆ, ಒಂದೇ ಔಷಧದ ಎರಡು ಮೂರು ತಯಾರಿಕೆಗಳ ಬೆಲೆ ಅವರ ಕಣ್ಣೆದುರಿಗೆ ಇರಬೇಕು. ತಯಾರಕರು ಕಳಿಸುವ ಬೆಲೆಪಟ್ಟಿಯನ್ನು ಗ್ರಾಹಕರು ಸುಲಭವಾಗಿ ನೋಡಬಹುದಾದ ಜಾಗದಲ್ಲಿ ಇಡಬೇಕೆಂದು ಬೆಲೆ ನಿಯಂತ್ರಣ ಆದೇಶವೇ ಹೇಳುತ್ತದೆ. ಇದನ್ನು ಪಾಲಿಸುವ ಅಂಗಡಿ ಬೆಂಗಳೂರಿನಲ್ಲಿ ಎಷ್ಟಿವೆಯೆಂದು ತಮ್ಮ ಪರಿವೀಕ್ಷಕರನ್ನೇ ಕೇಳಬಹುದು.

ರಾಜ್ಯದ ಕೈಯಲ್ಲಿ ಇನ್ನೂ ಒಂದು ಹಿಡಿತವಿದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಅಲ್ಲಿನ ವೈದ್ಯರು ಬರೆಯುವ ಬ್ರ್ಯಾಂಡ್ ಅಲ್ಲಿನ ಔಷಧಾಲಯದಲ್ಲಿ ಮಾತ್ರ ಸಿಗುವುದು, ಹೊರಗೆ ಎಲ್ಲಿ ಅಲೆದರೂ ಸಿಗದಿರುವುದು ಹೊಸ ಸಂಗತಿಯೇನಲ್ಲ. ರೋಗಿಗಳನ್ನು ಆಸ್ಪತ್ರೆಯ ಔಷಧಾಲಯದಲ್ಲೇ ಕೊಳ್ಳುವಂತೆ ಕಟ್ಟಿಹಾಕುವ ಬಗ್ಗೆ ಸಲ್ಲಿಕೆಯಾಗಿದ್ದ ಅರ್ಜಿಯನ್ನು 2025ರ ಮಾರ್ಚ್‌ನಲ್ಲಿ ಇತ್ಯರ್ಥಗೊಳಿಸಿದ ಸುಪ್ರೀಂ ಕೋರ್ಟ್, ಇದಕ್ಕೆ ತಕ್ಕ ನೀತಿ ರೂಪಿಸುವ ಹೊಣೆಯನ್ನು ರಾಜ್ಯ ಸರ್ಕಾರಗಳಿಗೇ ಬಿಟ್ಟಿತು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆದ ಪ್ರತಿಯೊಂದು ಆಸ್ಪತ್ರೆಯೂ ಚೀಟಿಯಲ್ಲಿ ಬ್ರ್ಯಾಂಡಿನ ಜೊತೆಗೆ ಮೂಲ ಹೆಸರನ್ನು ಅಚ್ಚು ಮಾಡಬೇಕು, ಔಷಧವನ್ನು ಎಲ್ಲಿ ಬೇಕಾದರೂ ಕೊಳ್ಳಬಹುದೆಂಬ ಸಾಲನ್ನು ಕನ್ನಡದಲ್ಲಿ ಚೀಟಿಯ ಕೆಳಗೇ ಹಾಕಬೇಕು ಎಂದು ಹೇಳಲು ಆರೋಗ್ಯ ಇಲಾಖೆ ಇನ್ನಾರ ಅಪ್ಪಣೆಗೆ ಕಾಯುತ್ತಿದೆಯೋ ತಿಳಿಯದು. ಚೀಟಿಗಳು ಹೇಗೂ ಕಂಪ್ಯೂಟರಿನಿಂದಲೇ ಹೊರಬರುತ್ತಿವೆ.

ಕೊಳ್ಳುವವರಿಗೂ ತಿಳಿಯದ, ಮಾರುವವರೂ ಮರೆತಿರುವ ಒಂದು ನಿಯಮವನ್ನು ಇಲ್ಲಿ ನೆನಪಿಸಬೇಕು. ಚೀಟಿಯನ್ನು ಮತ್ತೆ ಮತ್ತೆ ಬಳಸಬಹುದೆಂದು ವೈದ್ಯರು ಬರೆಯದ ಹೊರತು ಅದರ ಮೇಲೆ ಒಂದು ಸಲ ಮಾತ್ರ ಔಷಧ ಕೊಡಬೇಕು; ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ಕೊಟ್ಟ ದಿನಾಂಕವನ್ನು ವೈದ್ಯರ ಸಹಿಯ ಮೇಲ್ಗಡೆ ನಮೂದಿಸಬೇಕು. ನಮ್ಮಲ್ಲಿ ವರ್ಷಗಟ್ಟಲೆ ಹಳೆಯದಾದ, ಮಡಿಕೆಯಲ್ಲೇ ಹರಿದ ಚೀಟಿ ಬರುತ್ತದೆ. ಚೀಟಿಯೂ ಇಲ್ಲದೆ ಖಾಲಿ ಸ್ಟ್ರಿಪ್ ತೋರಿಸಿ ‘ಇದೇ ಒಂದು ಶೀಟ್ ಕೊಡಿ’ ಎನ್ನುವವರಿಗೂ ಲೆಕ್ಕವಿಲ್ಲ. ಮೊಬೈಲಿನಲ್ಲಿ ಫೋಟೊ ತೋರಿಸುವುದಂತೂ ಈಗ ರೂಢಿಯೇ ಆಗಿದೆ. ಅವರಲ್ಲಿ ಬಹುಪಾಲು ಜನ ನಿಜವಾದ ರೋಗಿಗಳು; ಪ್ರತಿ ತಿಂಗಳೂ ಕನ್ಸಲ್ಟೇಶನ್ ಫೀಸು ಕೊಟ್ಟು ಅದೇ ಚೀಟಿ ಬರೆಸಿಕೊಂಡು ಬನ್ನಿ ಎಂದರೆ ಅವರು ಮಾತ್ರೆಯನ್ನೇ ಬಿಡುತ್ತಾರೆ, ಬಿಪಿ ಮಾತ್ರೆಯನ್ನು ಹಾಗೆ ಏಕಾಏಕಿ ಬಿಡುವುದು ಯಾವ ಜೆನೆರಿಕ್‌ಗಿಂತಲೂ ಅಪಾಯದ್ದು. ಹಾಗೆಂದು ಚೀಟಿಯಿಲ್ಲದೆ ಕೊಡುವ ಅಭ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ, ಆಂಟಿಬಯಾಟಿಕ್ಕಿಗೂ ನಿದ್ರೆ ಮಾತ್ರೆಗೂ ಹಬ್ಬುತ್ತದೆ. ಇದಕ್ಕೆ ಪರಿಹಾರ ಬಲು ಸುಲಭ: ದೀರ್ಘಕಾಲದ ಕಾಯಿಲೆಗೆ ಬರೆಯುವ ಚೀಟಿಯಲ್ಲಿ ‘ಮೂರು ತಿಂಗಳು’ ಅಥವಾ ‘ಆರು ತಿಂಗಳು ಪುನಃ ಕೊಡಬಹುದು’ ಎಂಬ ಒಂದು ಸಾಲನ್ನು ವೈದ್ಯರು ಸೇರಿಸಿದರೆ ರೋಗಿಯೂ ಕಾನೂನಿನ ಒಳಗೇ ಇರುತ್ತಾರೆ, ನಾವೂ ಇರುತ್ತೇವೆ. ಕನಿಷ್ಠ ಸರ್ಕಾರಿ ಆಸ್ಪತ್ರೆಗಳ ಮತ್ತು ಸರ್ಕಾರದ ‘ನಮ್ಮ ಕ್ಲಿನಿಕ್’ಗಳ ಚೀಟಿಯಲ್ಲಿ ಈ ಸಾಲನ್ನು ಮೊದಲೇ ಮುದ್ರಿಸಿ, ತಿಂಗಳ ಜಾಗವನ್ನು ಖಾಲಿ ಬಿಡಬಹುದು. ಷೆಡ್ಯೂಲ್ ಎಚ್1ಕ್ಕೆ ಸೇರಿದ ಔಷಧಗಳಿಗೆ (ಇನ್ನೂ ಬಿಗಿ ನಿಗಾ ಬೇಕಾದ ಕೆಲವು ಆಂಟಿಬಯಾಟಿಕ್, ನಿದ್ರೆ ಮಾತ್ರೆಗಳಂಥವಕ್ಕೆ) ಈ ಸೌಲಭ್ಯ ಬೇಡ; ಅವಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು ಮೂರು ವರ್ಷ ಕಾಪಾಡಬೇಕೆಂಬ ನಿಯಮ ಇರುವುದಕ್ಕೆ ಕಾರಣವಿದೆ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ಒಂದು ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದರೆ ಬೇಕಾದ ವಿವರಗಳೆಲ್ಲ ಅದರ ಬೆನ್ನಿನ ಮೇಲೆ ಇರುತ್ತವೆ. ಔಷಧದ ಮೂಲ ಹೆಸರು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಫಾಂಟ್ ಅಳತೆಯಷ್ಟು ದೊಡ್ಡ ಅಕ್ಷರದಲ್ಲಿರಬೇಕೆಂದು 2018ರಿಂದ ನಿಯಮವಿದೆ, ಮೂರಕ್ಕಿಂತ ಕಡಿಮೆ ಔಷಧಗಳಿರುವ ಮಾತ್ರೆಗಳಿಗೆ ಅದು ಅನ್ವಯಿಸುತ್ತದೆ. ಅದರ ಪಕ್ಕದಲ್ಲಿ ತಯಾರಕರ ಹೆಸರು, ತಯಾರಿಕಾ ಪರವಾನಗಿ ಸಂಖ್ಯೆ, ವೈದ್ಯರ ಚೀಟಿ ಬೇಕೆಂದು ತಿಳಿಸುವ ಕೆಂಪು ಗುರುತು. ಬ್ಯಾಚ್ ನಂಬರು (ಒಂದೇ ಸಲಕ್ಕೆ ತಯಾರಾದ ಕಂತಿನ ಗುರುತು), ತಯಾರಾದ ತಿಂಗಳು, ಎಕ್ಸ್‌ಪೈರಿ ಮತ್ತು ಎಂಆರ್‌ಪಿ ಮಾತ್ರ ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಒತ್ತಿರುತ್ತವೆ. ಐದು ಮಾತ್ರೆ ಸಾಕೆನ್ನುವವರಿಗೆ ಅಂಗಡಿಯ ಹುಡುಗ ಕತ್ತರಿ ಹಾಕುತ್ತಾನಲ್ಲ, ಆಗ ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಗ್ರಾಹಕರ ಕೈಗೆ ಹೋಗುವ ತುಂಡಿನಲ್ಲಿ ಬ್ಯಾಚೂ ಇಲ್ಲ, ಎಕ್ಸ್‌ಪೈರಿಯೂ ಇಲ್ಲ. ಜೊತೆಗೆ ಬಿಲ್ಲೂ ಇಲ್ಲದಿದ್ದರೆ ಆ ಐದು ಮಾತ್ರೆಗಳು ಎಲ್ಲಿಂದ ಬಂದವೆಂದು ಲೋಕದಲ್ಲಿ ಯಾರೂ ಹೇಳಲಾರರು. ಮುಂದೆ ಆ ಬ್ಯಾಚಿನ ಔಷಧ ಕಳಪೆಯೆಂದು ಇಲಾಖೆ ಪ್ರಕಟಿಸಿದರೂ ಅದು ತಮ್ಮ ಮನೆಯ ಡಬ್ಬಿಯಲ್ಲಿರುವುದೇ ಎಂದು ತಿಳಿಯುವ ದಾರಿ ಅವರಿಗಿಲ್ಲ.

ನಿಯಮ 65ರಂತೆ ಚೀಟಿಯ ಮೇಲೆ ಕೊಟ್ಟ ಔಷಧವನ್ನು ರಿಜಿಸ್ಟರಿನಲ್ಲಾಗಲಿ ಬಿಲ್ ಪುಸ್ತಕದಲ್ಲಾಗಲಿ ದಾಖಲಿಸಬೇಕು. ಷೆಡ್ಯೂಲ್ ಎಚ್‌ಗೆ ಸೇರಿದ ಔಷಧವಾದರೆ ತಯಾರಕರ ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ, ಫಾರ್ಮಸಿಸ್ಟ್ ಸಹಿ ಇವೆಲ್ಲ ಇರಬೇಕು. ದಾಖಲೆ ಎಂದರೆ ಇಲ್ಲಿ ಕೊಳ್ಳುವವರ ರಕ್ಷೆ. ಆದರೆ ಬಿಲ್ ಕೇಳಿದರೆ ‘ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ’ ಎಂದು ಹೆದರಿಸುವ ಅಂಗಡಿಗಳಿವೆ. ಎಂಆರ್‌ಪಿಯಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ, ಅದರ ಮೇಲೆ ಒಂದು ಪೈಸೆಯನ್ನೂ ಕೇಳುವಂತಿಲ್ಲ ಎಂಬುದನ್ನು ಇಲಾಖೆ ಒಂದು ಸಲ ಗಟ್ಟಿಯಾಗಿ ಹೇಳಿದರೆ ಸಾಕು. ಪರಿವೀಕ್ಷಣೆಗೆ ಬರುವ ಅಧಿಕಾರಿಗಳು ಫ್ರಿಜ್ಜಿನ ಉಷ್ಣಾಂಶ, ಅವಧಿ ಮೀರಿದ ದಾಸ್ತಾನು, ಖರೀದಿ ಬಿಲ್ಲು ಎಲ್ಲ ನೋಡುತ್ತಾರೆ, ನೋಡಲೇಬೇಕು. ಅಂಗಡಿಯಿಂದ ಆಗತಾನೆ ಹೊರಬಂದ ನಾಲ್ಕು ಜನ ಗ್ರಾಹಕರನ್ನು ನಿಲ್ಲಿಸಿ ‘ಬಿಲ್ ತೋರಿಸಿ’ ಎಂದು ಕೇಳುವ ಪದ್ಧತಿ ಬಂದರೆ ಒಂದೇ ತಿಂಗಳಲ್ಲಿ ನಗರದ ಚಿತ್ರ ಬದಲಾಗುತ್ತದೆಂದು ಒಳಗಿನವನಾಗಿ ಹೇಳಬಲ್ಲೆ. ಫಾರ್ಮಸಿಸ್ಟ್ ಕೌಂಟರಿನಲ್ಲಿದ್ದಾರೆಯೇ ಎಂಬುದನ್ನೂ ಅಂಥದೇ ಅನಿರೀಕ್ಷಿತ ಭೇಟಿಯಲ್ಲಿ ನೋಡಬಹುದು. ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುತ್ತಿದ್ದು, ಅದರಲ್ಲಿ ಹೆಸರಿರುವ ಫಾರ್ಮಸಿಸ್ಟ್ ಇನ್ನೊಂದು ಊರಿನಲ್ಲಿರುವ ಅಂಗಡಿಗಳ ಬಗ್ಗೆ ನಾನು ತಮಗೆ ಹೇಳಬೇಕಾದ್ದೇನೂ ಇಲ್ಲ.

ಇನ್ನು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಅಗ್ಗದ ಮಾತ್ರೆ ಕೆಲಸ ಮಾಡುತ್ತದೆಯೇ? ತಯಾರಿಕೆ ಸರಿಯಿದ್ದರೆ ಮಾಡುತ್ತದೆ. ಔಷಧ ರಕ್ತಕ್ಕೆ ಸೇರುವ ಪ್ರಮಾಣ ಮತ್ತು ವೇಗ ಮೂಲ ಔಷಧದ್ದಕ್ಕೆ ಸಮನಾಗಿದೆಯೇ ಎಂದು ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸುವ ಪರೀಕ್ಷೆಯನ್ನು, ನೀರಿನಲ್ಲಿ ಸುಲಭವಾಗಿ ಕರಗದ ಗುಂಪಿನ ಔಷಧಗಳ ತಯಾರಿಕಾ ಪರವಾನಗಿಗೆ 2017ರಲ್ಲಿ ಕಡ್ಡಾಯ ಮಾಡಲಾಯಿತು. ಆ ಪರೀಕ್ಷೆಯ ಮಿತಿ ಶೇಕಡ 80ರಿಂದ 125 ಎಂದು ಕೇಳಿದವರು ಮಾತ್ರೆಯೊಳಗೆ ಔಷಧ ಶೇಕಡ 20 ಕಡಿಮೆಯಿದ್ದರೂ ನಡೆಯುತ್ತದೆಂದು ತಿಳಿಯುವುದುಂಟು, ಅದು ಸರಿಯಲ್ಲ. ಆ ಮಿತಿ ಅಳತೆಯ ಸರಾಸರಿಗಷ್ಟೇ ಅಲ್ಲ, ಅದರ ಸುತ್ತಲಿನ ಇಡೀ ಅನಿಶ್ಚಿತತೆಯ ವ್ಯಾಪ್ತಿಗೆ ಅನ್ವಯಿಸುತ್ತದೆ. ಹಾಗಾಗಿ ಮೂಲ ಔಷಧದಿಂದ ಬಹಳ ದೂರ ಸರಿದ ಮಾತ್ರೆ ಅದರಲ್ಲಿ ತೇರ್ಗಡೆಯಾಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಬಿಡದೆ ಹೇಳಬೇಕು. ಮೂರ್ಛೆರೋಗದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಥೈರಾಯ್ಡಿನ ಲೆವೊಥೈರಾಕ್ಸಿನ್, ಅಂಗ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಇಂಥವುಗಳಲ್ಲಿ ಸ್ವಲ್ಪ ಏರುಪೇರಾದರೂ ತೊಂದರೆಯಾಗಬಹುದು. ಇವುಗಳ ತಯಾರಕರನ್ನು ತಿಂಗಳಿಗೊಮ್ಮೆ ಬದಲಿಸುವುದು ಬ್ರ್ಯಾಂಡಿಗೂ ಸಲ್ಲದು, ಜೆನೆರಿಕ್ಕಿಗೂ ಸಲ್ಲದು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ ರಕ್ತಪರೀಕ್ಷೆ ಮಾಡಿಸಬೇಕು. ನಿಮ್ಹಾನ್ಸ್‌ನ ಚೀಟಿ ಹಿಡಿದು ದೂರದ ಊರಿಗೆ ಬಸ್ ಹತ್ತುವ ಮುನ್ನ ನಮ್ಮಂಥ ಅಂಗಡಿಯಲ್ಲಿ ಇಳಿಯುವವರಿಗೆ ಇದನ್ನು ತಿಳಿಸುವ ಎರಡು ಸಾಲಿನ ಕನ್ನಡ ಫಲಕ ಯಾವ ಆಸ್ಪತ್ರೆಗೂ ಭಾರವಾಗದು.

ತಯಾರಿಕೆ ಸರಿಯಿದ್ದರೆ ಎಂದೆ. ಅದು ಸರಿಯಿದೆಯೆಂದು ಜನ ಹೇಗೆ ನಂಬಬೇಕು? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಡ್ರಿಪ್ ಆಗಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದದ್ದು, ಅದನ್ನು ಸರಬರಾಜು ಮಾಡಿದ ಕಂಪನಿಯನ್ನು ಸರ್ಕಾರ ಕಪ್ಪುಪಟ್ಟಿಗೆ ಸೇರಿಸಿದ್ದು ಯಾರಿಗೂ ಮರೆತಿಲ್ಲ. ಅದಾದ ಮೇಲೆ ‘ಸರ್ಕಾರದ ಔಷಧಾನೇ ಹೀಗಾದರೆ ಅಗ್ಗದ್ದನ್ನು ಹೇಗೆ ನಂಬೋದು’ ಎಂದು ನನ್ನ ಮುಂದೆ ಕೇಳಿದವರಿಗೆ ನಾನು ಕೊಟ್ಟ ಸಮಾಧಾನ ನನಗೇ ಸಾಲಲಿಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಗುಣಮಟ್ಟವಿಲ್ಲದ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ, ರಾಜ್ಯದ ಇಲಾಖೆಯೂ ಆಗಾಗ ಪಟ್ಟಿ ಹೊರಡಿಸುತ್ತದೆ, ಪತ್ರಿಕೆಗಳು ಅದನ್ನು ಒಳಪುಟದಲ್ಲಿ ಅಚ್ಚು ಹಾಕುತ್ತವೆ. ಅಂಥ ಪಟ್ಟಿಗಳಲ್ಲಿ ಹೆಸರಾಂತ ಬ್ರ್ಯಾಂಡ್‌ಗಳೂ ಬಂದಿವೆ. ಗುಣಮಟ್ಟದ ಪ್ರಶ್ನೆ ಬೆಲೆಯನ್ನು ನೋಡಿ ಬರುವುದಿಲ್ಲ ಎಂದು ಜನರಿಗೆ ಮನವರಿಕೆ ಮಾಡಿಕೊಡಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಪಟ್ಟಿಯನ್ನು ಕನ್ನಡದಲ್ಲಿ, ಔಷಧದ ಮೂಲ ಹೆಸರು ಮತ್ತು ಬ್ಯಾಚ್ ನಂಬರಿನಿಂದ ಹುಡುಕಲು ಬರುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ತೇರ್ಗಡೆಯಾದ ಬ್ಯಾಚ್‌ಗಳನ್ನೂ ಹಾಗೆಯೇ ಪ್ರಕಟಿಸಿದರೆ ಇನ್ನೂ ಒಳ್ಳೆಯದು. ಕೆಟ್ಟ ಸುದ್ದಿ ಮಾತ್ರ ಕೇಳುವ ಜನಕ್ಕೆ ಪ್ರಯೋಗಾಲಯ ಕೆಲಸ ಮಾಡುತ್ತಿದೆಯೆಂಬುದೇ ತಿಳಿಯುವುದಿಲ್ಲ.

ಜನೌಷಧಿಯ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. 2008ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಔಷಧಗಳಿವೆ, ಪ್ರತಿ ಬ್ಯಾಚೂ ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷೆಯಾದ ಮೇಲೆಯೇ ಮಳಿಗೆಗೆ ಬರಬೇಕೆಂಬುದು ಅದರ ನಿಯಮ, ‘ಜನೌಷಧಿ ಸುಗಮ’ ಆ್ಯಪಿನಲ್ಲಿ ಹತ್ತಿರದ ಕೇಂದ್ರವೂ ಬೆಲೆಯೂ ಸಿಗುತ್ತದೆ. ನಮ್ಮ ಅಂಗಡಿಯ ವ್ಯಾಪಾರಕ್ಕೆ ಅದು ಪೈಪೋಟಿಯೇ. ಆದರೂ ದುಬಾರಿ ಚೀಟಿ ತಂದವರಿಗೆ ಅಲ್ಲಿ ಒಮ್ಮೆ ವಿಚಾರಿಸಿ ಎಂದು ನಾನೇ ಹೇಳಿ ಕಳಿಸಿದ್ದುಂಟು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು 2025ರ ಮೇ ತಿಂಗಳಲ್ಲಿ ಹೊರಟ ಆದೇಶ, ಅದಕ್ಕೆ ಹೈಕೋರ್ಟಿನ ಧಾರವಾಡ ಪೀಠ ನೀಡಿದ ತಡೆಯಾಜ್ಞೆ ಇವೆಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆಸ್ಪತ್ರೆಯಲ್ಲೇ ಔಷಧ ಉಚಿತವಾಗಿ ಕೊಡುವಾಗ ಪಕ್ಕದಲ್ಲಿ ಮಾರುವ ಮಳಿಗೆ ಏಕೆ ಎಂಬ ಸರ್ಕಾರದ ವಾದವನ್ನು ತಳ್ಳಿಹಾಕಲಾಗದು. ಆದರೆ ಉಚಿತ ಔಷಧ ದಾಸ್ತಾನಿನಲ್ಲಿ ಇಲ್ಲದ ದಿನ ವಿಕ್ಟೋರಿಯಾದಿಂದಲೋ ಜಯನಗರದ ಆಸ್ಪತ್ರೆಯಿಂದಲೋ ಬರಿಗೈಯಲ್ಲಿ ಹೊರಬಂದವರು ಸೇರುವುದು ಎದುರಿನ ಮೆಡಿಕಲ್ ಸ್ಟೋರನ್ನು. ಆಸ್ಪತ್ರೆಯಲ್ಲಿ ಇಂದು ಯಾವ ಔಷಧ ಇಲ್ಲ ಎಂಬುದನ್ನು ಬೆಳಿಗ್ಗೆಯೇ ಫಲಕದಲ್ಲಿ ಬರೆದು, ಅದು ಹತ್ತಿರದ ಯಾವ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಂದು ಸೂಚಿಸಲು ನ್ಯಾಯಾಲಯದ ಯಾವ ತೀರ್ಪೂ ಬೇಕಿಲ್ಲ.

ಆನ್‌ಲೈನ್ ಖರೀದಿಯ ಬಗ್ಗೆ ಎರಡು ಮಾತು. ಅದಕ್ಕೆಂದೇ ಕೇಂದ್ರವು 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಪ್ರಕಟಿಸಿತು, ಅಂತಿಮ ನಿಯಮ ಮಾತ್ರ ಹೊರಬರಲಿಲ್ಲ. ಈ ನಡುವೆ ಬೆಂಗಳೂರಿನಲ್ಲಿ ಮಾತ್ರೆಯೂ ದಿನಸಿಯ ಹಾಗೆ ಮನೆಬಾಗಿಲಿಗೆ ಬರತೊಡಗಿದೆ. ಮನೆಯಿಂದ ಹೊರಡಲಾಗದ ಹಿರಿಯರಿಗೆ ಇದು ಅನುಕೂಲವೇ, ನಾನು ವಿರೋಧಿಸುವುದಿಲ್ಲ. ಚೀಟಿ ಕೇಳದೆ ಕಳಿಸುವವರು, ಫೋನಿನಲ್ಲಿ ಅರ್ಧ ನಿಮಿಷ ಮಾತಾಡಿ ತಾವೇ ಚೀಟಿ ಸೃಷ್ಟಿಸಿ ಕೊಡುವವರು, ಬಿಲ್ಲಿನಲ್ಲಿ ಪರವಾನಗಿ ಪಡೆದ ಅಂಗಡಿಯ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಹಾಕದವರು ಇವರಿಂದ ಕೊಳ್ಳಬಾರದೆಂದು ನನ್ನನ್ನು ಕೇಳಿದವರಿಗೆ ಹೇಳುತ್ತೇನೆ. ಇದನ್ನು ಇಲಾಖೆಯೇ ಹೇಳಿದರೆ ಅದಕ್ಕೆ ಬೇರೆ ತೂಕವಿರುತ್ತದೆ. ಬಂದ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದನ್ನು ಮೊಬೈಲಿನಲ್ಲಿ ಓದಿಸಿ ತಯಾರಕರ ಹೆಸರನ್ನೂ ಬ್ಯಾಚನ್ನೂ ತಾಳೆ ನೋಡುವುದು ಹೇಗೆಂದು ತೋರಿಸುವ ಪುಟ್ಟ ವಿಡಿಯೊ ಒಂದನ್ನು ಕನ್ನಡದಲ್ಲಿ ಮಾಡಿಸಬಹುದು. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್ 1ರಿಂದ ಆ ಕೋಡ್ ಕಡ್ಡಾಯವಾಗಿದ್ದರೂ ಅದನ್ನು ಓದಿಸಿ ನೋಡುವ ಗ್ರಾಹಕರನ್ನು ನಾನು ಕಂಡದ್ದು ತೀರ ಕಡಿಮೆ.

ಕೊನೆಯದಾಗಿ, ಕಾಯ್ದೆಯ 26ನೇ ಪ್ರಕರಣದತ್ತ ತಮ್ಮ ಗಮನ ಸೆಳೆಯುತ್ತೇನೆ. ತಾನು ಕೊಂಡ ಔಷಧವನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯಿರುವ ವರದಿ ಪಡೆಯುವ ಹಕ್ಕು ಈ ದೇಶದ ಯಾವುದೇ ವ್ಯಕ್ತಿಗೂ ಮಾನ್ಯತೆ ಪಡೆದ ಗ್ರಾಹಕ ಸಂಘಟನೆಗೂ ಇದೆ. ಅರ್ಜಿಗೆ ನಮೂನೆ 14-ಎ, ವರದಿಗೆ ನಮೂನೆ 14-ಬಿ ಎಂದು ನಿಯಮಗಳಲ್ಲಿ ಸಿದ್ಧವಾಗಿ ಕೂತಿವೆ. ಈ ಹಕ್ಕಿದೆಯೆಂದು ತಿಳಿದ ಗ್ರಾಹಕರೊಬ್ಬರೂ ನನ್ನ ಕೌಂಟರಿನ ಮುಂದೆ ಇದುವರೆಗೆ ನಿಂತಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮಾತ್ರೆ ತರಬೇಕು, ಶುಲ್ಕವೆಷ್ಟು, ವರದಿ ಎಷ್ಟು ದಿನಕ್ಕೆ ಸಿಗುತ್ತದೆ ಎಂಬ ಐದು ಪ್ರಶ್ನೆಗೆ ಉತ್ತರವಿರುವ ಒಂದು ಪುಟದ ಕನ್ನಡ ಸುತ್ತೋಲೆ ಹೊರಡಿಸಿ, ಮಾದರಿ ಸ್ವೀಕರಿಸಲು ಬೆಂಗಳೂರಿನಲ್ಲಿ ಒಂದು ಪ್ರತ್ಯೇಕ ಕಿಟಕಿ ತೆರೆಯಬೇಕೆಂದು ಕೋರುತ್ತೇನೆ. ಹಿರಿಯ ನಾಗರಿಕರಿಗೂ ಬಿಪಿಎಲ್ ಕಾರ್ಡಿನವರಿಗೂ ಶುಲ್ಕದ ಭಾರವನ್ನು ಸರ್ಕಾರವೇ ಹೊರಬಹುದೇ ಎಂದೂ ಪರಿಶೀಲಿಸಬೇಕು. ಸುತ್ತೋಲೆಯ ಪ್ರತಿಯನ್ನು ಔಷಧ ಅಂಗಡಿಗಳಿಗೂ ಕಳಿಸಿದಲ್ಲಿ, ಪರವಾನಗಿಯನ್ನು ಸಾರ್ವಜನಿಕರಿಗೆ ಕಾಣುವ ಕಡೆ ತೂಗುಹಾಕಬೇಕೆಂಬ ಷರತ್ತು ಹೇಗೂ ಇರುವುದರಿಂದ, ಅದರ ಪಕ್ಕದಲ್ಲೇ ಇದನ್ನೂ ಹಾಕಲು ನಮ್ಮ ಅಂಗಡಿಯವರು ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನೋಂದಾಯಿತ ಫಾರ್ಮಸಿಸ್ಟ್
ರಾಜಾಜಿನಗರ, ಬೆಂಗಳೂರು